ಅತ್ತೆಯ ಮೊಳ

ರಸ್ತೆಯಾಚೆಯ ಖಾಲಿ ಸೈಟಿನಲ್ಲಿ ಹೊಸ ಮನೆ ಕಟ್ಟಿಸುವ ಮಾತು ಬಂದಾಗ ನಮ್ಮ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕೇಳಿದರು. ನಮ್ಮ ಮಾವ ಜವರಯ್ಯನವರು ಮುಂದುಗಡೆ ಐದು ದುಂಡು ಕಂಬದ ಪೋರ್ಟಿಕೋ ಕೇಳಿದರು. ಯಾಕೆ ಐದು ಅಂದರೆ, ಎದುರು ಮನೆಯ ದಾಯಾದಿ ಶಿವಣ್ಣನವರಿಗೆ ನಾಲ್ಕಿದ್ದವು. ಮೈದುನ ರವೀಂದ್ರ ನಡುಮನೆಯೊಳಗಿಂದಲೇ ಮೇಲೆ ಹತ್ತುವ ಮೆಟ್ಟಿಲು ಕೇಳಿದ. ಅದಕ್ಕೆ ಡೂಪ್ಲೆಕ್ಸ್ ಅನ್ನುತ್ತಾರಂತೆ, ಅದೊಂದಿದ್ದರೆ ಹೆಣ್ಣು ಕೊಡುವವರು ಮನೆ ಬಾಗಿಲಲ್ಲಿ ಸಾಲು ನಿಲ್ಲುತ್ತಾರಂತೆ. ನಾನು ಕಿಟಕಿ ಇರುವ ಅಡುಗೆಮನೆ ಕೇಳಿದೆ. ನನ್ನ ಗಂಡ ಕುಮಾರ್ ಏನೂ ಕೇಳಲಿಲ್ಲ. ಅರಕೆರೆಯ ಹಾಲಿನ ಡೈರಿಯಲ್ಲಿ ಸೆಕ್ರೆಟರಿ ಅವರು. ಬೆಳಿಗ್ಗೆ ಸಂಜೆ ಊರಿನವರ ಹಾಲಿನ ಡಿಗ್ರಿ ನೋಡಿ ನೋಡಿ, ಯಾವ ವಿಷಯ ಬಂದರೂ "ನೋಡಾಣ" ಅನ್ನುವುದೇ ಅಭ್ಯಾಸವಾಗಿಬಿಟ್ಟಿದೆ.

ಅತ್ತೆ ಬೈರಮ್ಮ ಕೇಳಿದ್ದು ಒಂದೇ. ಮಲಗುವ ಕೋಣೆಗೆ ಅಂಟಿಕೊಂಡಂತೆ ಒಂದು ಬಾತ್‌ರೂಮು, ಅದರೊಳಗೆ ಕುರ್ಚಿಯ ಹಾಗೆ ಕೂರುವ ಕಮೋಡು.

ಅದೇನು ಚಪಲದ ಮಾತಲ್ಲ. ನಮ್ಮ ಹಳೇ ಮನೆಯಲ್ಲಿ ಪಾಯಿಖಾನೆ ಇರುವುದು ಹಿತ್ತಲಲ್ಲಿ. ಕೊಟ್ಟಿಗೆ ದಾಟಿ, ತಿಪ್ಪೆ ಬಳಸಿ, ಹುಲ್ಲಿನ ಮೆದೆ ಸುತ್ತಿ ಹೋದರೆ ಅರವತ್ತೆರಡು ಹೆಜ್ಜೆ. ಅತ್ತೆಗೆ ಎರಡೂ ಮಂಡಿ ಸವೆದಿವೆ. ಅಲ್ಲಿ ಕುಕ್ಕರುಗಾಲಲ್ಲಿ ಕೂತು ಏಳುವಾಗ ಗೋಡೆ ಹಿಡಿದುಕೊಂಡು "ಅಯ್ಯೋ ನಮ್ಮಪ್ಪಾ" ಅನ್ನುತ್ತಾರೆ, ಅದು ಅಡುಗೆಮನೆಯವರೆಗೂ ಕೇಳಿಸುತ್ತದೆ. ದಿನಕ್ಕೆ ನಾಲ್ಕು ಸಲ ಕೇಳಿಸಿಕೊಳ್ಳುವವಳು ನಾನು.

ಮನೆ ಕಟ್ಟುವ ಭಾಷೆ ನಮ್ಮನೆಯಲ್ಲಿ ನನಗೊಬ್ಬಳಿಗೇ ಸ್ವಲ್ಪ ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ಪತ್ರ ಬರಹಗಾರರಾದ ಶ್ರೀನಿವಾಸಮೂರ್ತಿಗಳ ಅಂಗಡಿಯಲ್ಲಿ ನಾನು ಟೈಪು ಮಾಡುತ್ತೇನೆ. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಅಂತ ಎಂಟು ವರ್ಷದಿಂದ ಊರಿನವರ ಸೈಟುಗಳ ನಾಲ್ಕು ದಿಕ್ಕಿನ ಚಕ್ಕುಬಂದಿಯನ್ನು ಕುಟ್ಟಿದ್ದೇನೆ. ಹಾಗಾಗಿ ಎಂಜಿನಿಯರ್ ಸಿದ್ದಾರ್ಥನ ಹತ್ತಿರ ಪ್ಲಾನು ಬರೆಸಿಕೊಂಡು ಬಂದವಳೂ ನಾನೇ, ಅದನ್ನು ಊಟದ ಹೊತ್ತಿಗೆ ನೆಲದ ಮೇಲೆ ಹರಡಿ ಬೈಗುಳ ತಿಂದವಳೂ ನಾನೇ.

"ಏನವ್ವ ಇದು? ಮೂವತ್ತು ನಲ್ವತ್ತು ಸೈಟಲ್ಲಿ ಇಪ್ಪತ್ನಾಕು ಮೂವತ್ತು ಮನೆ! ಮಿಕ್ಕಿದ್ ಜಾಗ ಇಲಿ ತಿಂದ್ಬುಡ್ತಾ?" ಅಂದರು ಮಾವ.

"ಇಲಿ ಅಲ್ಲ ಮಾವ, ಸೆಟ್‌ಬ್ಯಾಕು. ಎರಡು ಪಕ್ಕದಲ್ಲಿ ಮೂರ್ಮೂರು ಅಡಿ, ಮುಂದೆ ಐದು, ಹಿಂದೆ ಐದು ಬಿಡಬೇಕಂತೆ. ಇಲ್ದಿದ್ರೆ ಪ್ಲಾನು ಪಾಸಾಗಲ್ಲ."

"ನಮ್ ಸೈಟು, ನಮ್ ಗ್ವಾಡೆ. ಬುಡು ಅನ್ನೋಕೆ ಅವ್ನ್ಯಾವನು?"

"ಬಸ್ಸಲ್ಲಿ ಪಕ್ಕದೋನು ಕಾಲಗಲಿಸ್ಕೊಂಡು ಕೂತ್ರೆ ನೀವೇ ಬಯ್ಯಲ್ವಾ? ಮನೆಗಳೂ ಅಂಗೇ ಕೂತ್ರೆ ಗಾಳಿ ಬೆಳಕು ಎಲ್ಲಿಂದ ಬರ್ತದೆ?"

ಮಾವ ಮುದ್ದೆ ಮುರಿದು ಬಾಯಿಗಿಟ್ಟುಕೊಂಡರು. ರವೀಂದ್ರ ಮಧ್ಯೆ ಬಾಯಿ ಹಾಕಿದ. "ಅತ್ಗೆ, ಇಲ್ಲಿ ಕಾರ್ಪೆಟ್ ಏರಿಯಾ ಅಂತ ಬರ್ದವ್ನೆ. ಕಾರ್ಪೆಟ್ ಯಾರ್ ಆಸ್ತಾರೆ ನಮ್ಮನೇಲಿ?"

ನಾನು ಅವನ ತಟ್ಟೆ ಎಳೆದುಕೊಂಡೆ. "ನೋಡು, ತಟ್ಟೆ ಒಳಗೆ ಮುದ್ದೆ ಸಾರು ಕೂರೋ ಜಾಗ ಇದ್ಯಲ್ಲ, ಅದು ಕಾರ್ಪೆಟ್ ಏರಿಯಾ. ನಾವು ಓಡಾಡೋ ನೆಲ ಅಷ್ಟೇ. ತಟ್ಟೆ ಅಂಚೂ ಸೇರ್ಸಿದ್ರೆ ಬಿಲ್ಟಪ್ ಏರಿಯಾ, ಅಂದ್ರೆ ಗೋಡೆ ದಪ್ಪಾನೂ ಲೆಕ್ಕಕ್ಕೆ ಬಂತು. ತಟ್ಟೆ ಇಟ್ಟಿರೋ ಚಾಪೇನೂ ಸೇರ್ಸಿ ಮಾರಿದ್ರೆ ಸೂಪರ್ ಬಿಲ್ಟಪ್."

"ಅಂಗಾರೆ ಬೆಂಗ್ಳೂರೋರು ಚಾಪೆಗೂ ದುಡ್ ಕೊಟ್ಟು ಉಣ್ತಾರಾ?" ಅಂದರು ಅತ್ತೆ.

"ಹೂಂ ಅತ್ತೆ. ಲಿಫ್ಟು, ಮೆಟ್ಲು, ಗೇಟು, ಎಲ್ಲದಕ್ಕೂ."

"ಥೂ, ಅವ್ರ್ ಬಾಳಿಗಿಷ್ಟು!" ಅಂದು ಅತ್ತೆ ಇನ್ನೊಂದು ಮುದ್ದೆ ತಂದರು. ಆಮೇಲೆ ನಿಧಾನಕ್ಕೆ ಬಗ್ಗಿ ಪ್ಲಾನು ನೋಡಿ, "ನಂದೆಲ್ಲವ್ವ?" ಅಂದರು. ನಾನು ಮೂಲೆಯಲ್ಲಿ ನಾಲ್ಕಡಿ ಏಳಡಿಯ ಚೌಕ ತೋರಿಸಿದೆ. ಅತ್ತೆ ಅದರ ಮೇಲೆ ಬೆರಳಿಟ್ಟು ನೋಡಿದರು. ಬೆರಳಿಗೆ ಹಿಟ್ಟು ಅಂಟಿತ್ತು, ಚೌಕದ ಮೇಲೆ ರಾಗಿಹಿಟ್ಟಿನ ಒಂದು ಬೊಟ್ಟು ಉಳಿಯಿತು.

"ಪ್ಲಿಂತ್ ಎಷ್ಟು ಕೊಟ್ಟವ್ನೆ?" ಮಾವ ಕೇಳಿದರು. ಪ್ಲಿಂತ್ ಅಂದರೆ ನೆಲದಿಂದ ಮನೆ ಎಷ್ಟೆತ್ತರ ಕೂರುತ್ತದೆ ಅನ್ನುವುದು. ಆ ಮಾತು ಮಾತ್ರ ಅವರಿಗೆ ಚೆನ್ನಾಗಿ ಗೊತ್ತಿತ್ತು.

"ಎರಡಡಿ ಮಾವ."

"ನಾಕಡಿ ಮಾಡ್ಸು. ಶಿವಣ್ಣಂದು ಮೂರಡಿ."

"ನಾಕಡಿಗೆ ಎಷ್ಟ್ ಮೆಟ್ಲು?" ಅತ್ತೆ ಕೇಳಿದರು.

"ಎಂಟು ಅತ್ತೆ."

ಅತ್ತೆ ಮಂಡಿ ನೀವಿಕೊಂಡರು. ಕುಮಾರ್ ಕೈ ತೊಳೆಯುತ್ತಾ "ನೋಡಾಣ" ಅಂದರು. ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ನನ್ನ ಗಂಡನನ್ನು ಮೀರಿಸುವವರಿಲ್ಲ. ಅಡ್ಡಗೋಡೆ ಕಟ್ಟುವ ಮುಂಚೆಯೇ ಇಟ್ಟುಬಿಡುತ್ತಾರೆ.

ಮಾರನೆಯ ದಿನವೇ ಮಾವ ದೇವಲಾಪುರದ ಕಡೆಯಿಂದ ಕುಳ್ಳಯ್ಯನವರನ್ನು ಕರೆಸಿದರು. ಕುಳ್ಳಯ್ಯ ಎಪ್ಪತ್ತು ದಾಟಿದ ಮೇಸ್ತ್ರಿ. ಈಗ ಕರಣೆ ಹಿಡಿಯುವುದಿಲ್ಲ, ಆಯ ನೋಡುವುದಕ್ಕೆ ಮಾತ್ರ ಬರುತ್ತಾರೆ. ಮನೆಯ ಉದ್ದಗಲವನ್ನು ಗುಣಿಸಿ, ಮತ್ತೆ ಒಂಬತ್ತರಿಂದ ಗುಣಿಸಿ, ಎಂಟರಿಂದ ಭಾಗಿಸಿದರೆ ಏನು ಉಳಿಯುತ್ತದೋ ಅದೇ ಆ ಮನೆಯ ಆಯ. ಬೆಸ ಉಳಿದರೆ ಬಾಳುತ್ತದೆ, ಸಮ ಉಳಿದರೆ ಬೀಳುತ್ತದೆ. ಇದೆಲ್ಲ ಅವರ ಬಾಯಲ್ಲೇ ಲೆಕ್ಕ. ನಾನು ಕ್ಯಾಲ್ಕುಲೇಟರ್ ತೆಗೆಯುವಷ್ಟರಲ್ಲಿ ಅವರು ಹೇಳಿ ಮುಗಿಸಿದ್ದರು.

"ಹದಿನೇಳು ಮೊಳ ಅಗಲ, ಇಪ್ಪತ್ತೊಂದು ಮೊಳ ಉದ್ದ. ಐದುಳೀತದೆ. ವೃಷಭಾಯ. ದನಕರ ಕಟ್ಟೋ ಮನೆಗೆ ಯೋಳಿ ಮಾಡ್ಸಿದ್ದು."

ಟೇಪು ತಂದುಕೊಟ್ಟೆ. ಕುಳ್ಳಯ್ಯ ಅದನ್ನು ಹಾವು ಕಂಡಂತೆ ನೋಡಿದರು. "ಮೊಳ ಅಂದ್ರೆ ಮನೆ ಯಾರ್ದೋ ಅವ್ರ ಮೊಳ ಕಣವ್ವ. ಮೊಣಕೈಯಿಂದ ನಡು ಬೆಳ್ಳಿನ ತುದೀಗಂಟ. ಈ ಟೇಪು ಯಾರ ಕೈ? ಟೇಪು ಕಂಪ್ನಿಯೋನ ಕೈ. ಅವ್ನು ಬಂದು ಇಲ್ಲಿ ಸಂಸಾರ ಮಾಡ್ತಾನಾ?"

ಮಾವನ ಮುಖ ಅರಳಿತು. ಹಿಗ್ಗಿನಿಂದ ತೋಳು ಮಡಿಸಿ ಕೈ ಚಾಚಿದರು. ನಮ್ಮ ಮಾವ ಆರಡಿ ಎರಡಿಂಚು. ಕೈಗಳಂತೂ ಹೊಲದ ಬೆದರುಬೊಂಬೆಯ ಹಾಗೆ ಉದ್ದ. ಕುಳ್ಳಯ್ಯ ಬಿದಿರಿನ ಕೋಲೊಂದನ್ನು ಆ ಅಳತೆಗೆ ಕತ್ತರಿಸಿದರು. ಸಂಜೆಗೆ ಸೈಟಿನಲ್ಲಿ ಗೂಟ ಹೊಡೆದು ದಾರ ಕಟ್ಟಿದ್ದಾಯಿತು. ನಾನು ಕದ್ದು ಟೇಪು ಹಿಡಿದೆ. ಮಾವನ ಒಂದು ಮೊಳಕ್ಕೆ ಇಪ್ಪತ್ತಿಂಚು. ಅಗಲ ಇಪ್ಪತ್ತೆಂಟಡಿ ನಾಲ್ಕಿಂಚು, ಉದ್ದ ಮೂವತ್ತೈದಡಿ.

ಸಿದ್ದಾರ್ಥ ಬಂದು ನೋಡಿ ಹೆಲ್ಮೆಟ್ಟು ತೆಗೆಯುವುದನ್ನೇ ಮರೆತ. "ಒಂದೊಂದು ಪಕ್ಕದಲ್ಲೂ ಹತ್ತಿಂಚೇ ಉಳಿಯುತ್ತೆ ಸಾರ್. ಬೆಕ್ಕು ಒಳಗೆ ಹೋಗಬಹುದು, ತಿರುಗಿ ಬರೋಕಾಗಲ್ಲ."

"ಮುಂದ್ಕೇ ಓಗ್ಲಿ. ಬೆಕ್ಕಿಗೆ ರಿವರ್ಸು ಯಾಕ್ಲಾ ಬೇಕು?" ಅಂದರು ಮಾವ. "ಆಯ ಇಲ್ದಿದ್ ಮನೇಲಿ ನಾನು ಕಾಲಿಡಕಿಲ್ಲ. ನಿನ್ ಪ್ಲಾನ್ ತಿದ್ದು. ಪಾಸ್ ಮಾಡ್ಸೋದ ನನಗೆ ಬುಡು."

ಅಷ್ಟರಲ್ಲಿ ಆಷಾಢ ಬಂತು. ಆಷಾಢದಲ್ಲಿ ಯಾರೂ ಪಾಯ ತೆಗೆಯುವುದಿಲ್ಲ. ಹಾಗಾಗಿ ಜಗಳ ಆಡಲು ನಮಗೆ ಪೂರ್ತಿ ಒಂದು ತಿಂಗಳು ಪುರುಸೊತ್ತು ಸಿಕ್ಕಿತು.

ಮನೆ ದೊಡ್ಡದಾದರೆ ಎಲ್ಲರಿಗೂ ಜಾಗ ಹೆಚ್ಚು ಸಿಗುತ್ತದೆ ಅಂತ ನೀವು ಅಂದುಕೊಂಡಿದ್ದರೆ, ನೀವು ಮನೆ ಕಟ್ಟಿಸಿಲ್ಲ ಅಂತಲೇ ಅರ್ಥ. ಮೂಗಿಗಿಂತ ಮೂಗುತಿ ಭಾರ ಅನ್ನುವಂತೆ ಐದು ಕಂಬದ ಪೋರ್ಟಿಕೋ ಪ್ಲಾನಿನಲ್ಲಿ ನಡುಮನೆಯನ್ನು ಹಿಂದಕ್ಕೆ ನೂಕಿತು. ನಡುಮನೆ ಅಡುಗೆಮನೆಯನ್ನು ನೂಕಿತು. ರವೀಂದ್ರನ ಡೂಪ್ಲೆಕ್ಸ್ ಮೆಟ್ಟಿಲು ಅತ್ತೆಯ ಕೋಣೆಯ ಅರ್ಧ ತಿಂದಿತು. ಮೊದಲ ವಾರ ಅತ್ತೆಯ ಬಾತ್‌ರೂಮು ಕೋಣೆಯಿಂದ ಎದ್ದು ಮೆಟ್ಟಿಲ ಕೆಳಗೆ ಹೋಯಿತು. ಎರಡನೇ ವಾರ ಅದರ ಗೋಡೆ ದೇವರ ಮನೆಗೆ ತಾಗುತ್ತದೆ ಅಂತ ಹಿತ್ತಲಿಗೆ ಹೋಯಿತು. ಮೂರನೇ ವಾರ ನೋಡಿದರೆ ಹಿತ್ತಲೇ ಇರಲಿಲ್ಲ.

"ಅದ್ಕ್ಯಾಕೆ ಅಷ್ಟೊಂದ್ ತಲೆ ಕೆಡಿಸ್ಕೊಂಡೀರಿ?" ಅಂದರು ಮಾವ, ಮಜ್ಜಿಗೆ ಲೋಟ ಕೆಳಗಿಟ್ಟು. "ಹಳೇ ಮನೆ ಹಿತ್ಲಲ್ಲಿ ಒಂದ್ ಅದೆಯಲ್ಲ. ರಸ್ತೆ ದಾಟುದ್ರೆ ಬಂತು."

ನಾನು ಅತ್ತೆಯ ಮುಖ ನೋಡಿದೆ. ಅವರು ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಮೂವತ್ತೆಂಟು ವರ್ಷ ಈ ಮನೆಯಲ್ಲಿ ಹಾಗೇ ಒಳಗೆ ಹೋಗಿಯೇ ಕಳೆದಿದ್ದರು.

ಮರುದಿನ ಮಧ್ಯಾಹ್ನ ಮಾವ ಗದ್ದೆಯಿಂದ ಬಂದು ಕೈಕಾಲು ತೊಳೆದು ಕೂತರು. ತಟ್ಟೆ ಬರಲಿಲ್ಲ.

"ಲೇ ಬೈರಿ, ಇಟ್ಟು?"

"ಹೊಸ ಸೈಟಲ್ಲಿ ಇಟ್ಟಿವ್ನಿ," ಅಂದರು ಅತ್ತೆ, ಅಲಸಂದೆಕಾಯಿ ಬಿಡಿಸುತ್ತಾ. "ರಸ್ತೆ ದಾಟುದ್ರೆ ಬಂತು."

ಮಾವ ಹತ್ತು ನಿಮಿಷ ಗುರ್ ಅಂದರು. ಆದರೆ ಹಸಿವಿಗೆ ಪೌರುಷ ಇಲ್ಲ. ಎದ್ದು ಹೋದರು. ಇಟ್ಟಿಗೆ ರಾಶಿಯ ಮೇಲೆ ತಟ್ಟೆ ಮುಚ್ಚಿಟ್ಟಿತ್ತು, ಪಕ್ಕದಲ್ಲಿ ಬೀದಿನಾಯಿ ಮರ್ಯಾದೆಯಿಂದ ಕಾಯುತ್ತಾ ಕೂತಿತ್ತು. ನಾಲ್ಕು ಕಂಬದ ನಡುವೆ ಕುರ್ಚಿ ಹಾಕಿ ಕೂತಿದ್ದ ಶಿವಣ್ಣನವರು ಕೂಗಿ ಕೇಳಿದರು. "ಏನ್ ಜವರಣ್ಣ, ಗ್ವಾಡೆ ಏಳೋ ಮುಂಚೇನೇ ಗೃಹಪ್ರವೇಶ ಮಾಡ್ಕೊಂಬುಟ್ಟಾ?"

ಮಾವ ಉಳಿದ ಮುದ್ದೆಯನ್ನು ನಾಯಿಗೆ ಹಾಕಿ ಎದ್ದರು. ಆದರೂ ಸಂಜೆ ಬಂದು, "ಕಂಬ ಐದೇ," ಅಂದರು.

ಆಮೇಲೆ ನಗುವ ಹಾಗಿಲ್ಲದ್ದೊಂದು ನಡೆಯಿತು. ಜಡಿಮಳೆ ಹಿಡಿದಿತ್ತು. ಬೆಳಿಗ್ಗೆ ಹಾಲು ಕರೆಯುವ ಹೊತ್ತಿಗೆ ಅತ್ತೆ ಚೊಂಬು ಹಿಡಿದು ಹಿತ್ತಲಿಗೆ ಹೋದವರು ಮೆದೆ ಹತ್ತಿರ ಜಾರಿ ಬಿದ್ದರು. ನಾನೂ ರವೀಂದ್ರನೂ ಓಡಿದೆವು. ಅತ್ತೆ ಕೆಸರಲ್ಲಿ ಕೂತು, ಬಿದ್ದ ನೋವಿಗಿಂತ ಸೊಸೆಯ ಮುಂದೆ ಸೀರೆ ಒದ್ದೆಯಾಯಿತಲ್ಲ ಅಂತ ಅಳುತ್ತಿದ್ದರು. ಮೂಳೆ ಮುರಿದಿರಲಿಲ್ಲ, ಪುಣ್ಯ. ಮಂಡಿ ಮಾತ್ರ ತೆಂಗಿನಕಾಯಿಯಷ್ಟು ಊದಿತು.

ನನ್ನ ನಾಲಿಗೆಗೆ ಅವತ್ತು ಲಗಾಮು ಇರಲಿಲ್ಲ. "ಐದು ಕಂಬ ನಿಲ್ಲಿಸ್ತೀರಲ್ಲ ಮಾವ, ಅತ್ತೆಗೆ ಎರಡು ಕಾಲು ನಿಲ್ತಿಲ್ಲ. ಅದನ್ನ ಯಾರು ನಿಲ್ಲಿಸ್ತಾರೆ? ಬರೋ ಹೋಗೋರಿಗೆ ಕಂಬ ತೋರಿಸ್ಕೊಂಡು ಕೂತಿರಿ, ಅತ್ತೆ ಚೊಂಬು ಹಿಡ್ಕೊಂಡು ನಿಮ್ಮ ಪೋರ್ಟಿಕೋ ಮುಂದೇನೇ ರಸ್ತೆ ದಾಟ್ಲಿ. ಶಿವಣ್ಣ ಮಾವನೂ ನೋಡ್ಲಿ!"

"ಕುಮಾರ! ನಿನ್ ಹೆಂಡ್ತೀಗೆ ಬುದ್ಧಿ ಯೋಳ್ಲಾ!"

ಕುಮಾರ್ ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಊದಿದ ಮಂಡಿಯನ್ನು ನೋಡಿದರು. "ಅವಳು ಹೇಳಿದ್ರಲ್ಲಿ ತಪ್ಪೇನದೆ?" ಅಂದರು. ಹತ್ತು ವರ್ಷದ ಸಂಸಾರದಲ್ಲಿ ಅವರು "ನೋಡಾಣ" ಬಿಟ್ಟು ಬೇರೆ ಮಾತಾಡಿದ್ದು ಅದೇ ಮೊದಲು. ನನಗೆ ಜಗಳವೇ ಮರೆತುಹೋಯಿತು.

ಮಾವ ಛತ್ರಿ ತೆಗೆದುಕೊಂಡು ಹೊರಟುಹೋದರು. ಮಧ್ಯಾಹ್ನ ನೋವಿನ ಮುಲಾಮು ತಂದು, ಯಾರ ಕೈಗೂ ಕೊಡದೆ, ಅತ್ತೆಯ ಹಾಸಿಗೆ ಪಕ್ಕ ಇಟ್ಟರು. ಕೆಟ್ಟವರೇನಲ್ಲ ನಮ್ಮ ಮಾವ. ಕಂಬದ ಹುಚ್ಚು, ಅಷ್ಟೇ.

ಶ್ರಾವಣಕ್ಕೆ ಎಂಟು ದಿನ ಇತ್ತು. ಪಂಚಾಯ್ತಿಯಲ್ಲಿ ಪ್ಲಾನಿಗೆ ಅರ್ಜಿ ಹಾಕಲು ಇ-ಸ್ವತ್ತು ಬೇಕು, ಅಂದರೆ ಕಂಪ್ಯೂಟರಿನಲ್ಲಿ ಬರುವ ಖಾತೆ. ಅದಕ್ಕೆ ಸೈಟಿನ ಮೂಲಪತ್ರ ಬೇಕು. ಮಾವ ಆವರೆಗೆ ಯಾರಿಗೂ ತೋರಿಸದ ಕಬ್ಬಿಣದ ಪೆಟ್ಟಿಗೆಯ ಬೀಗ ತೆಗೆದು, ಹಳದಿಯಾದ ಪತ್ರವೊಂದನ್ನು ನನ್ನ ಕೈಗಿಟ್ಟರು. ಗುದ್ದಲಿ ಪೂಜೆಯ ದಿನ ಗೊತ್ತುಮಾಡಲು ಬಂದಿದ್ದ ಕುಳ್ಳಯ್ಯ ಜಗಲಿಯ ಮೇಲೆ ಕಾಫಿ ಕುಡಿಯುತ್ತಿದ್ದರು.

ನಾನು ಜೋರಾಗಿ ಓದಿದೆ, ಅಭ್ಯಾಸ ಬಲದಿಂದ. "ಪಾಂಡವಪುರ ತಾಲ್ಲೂಕು ತೊಣ್ಣೂರಿನಲ್ಲಿ ವಾಸವಾಗಿರುವ ಬೋರಯ್ಯನವರು, ತಮ್ಮ ಮಗಳಾದ ಬೈರಮ್ಮನವರಿಗೆ ಅರಿಶಿನ ಕುಂಕುಮಕ್ಕಾಗಿ..." ಅಲ್ಲಿಗೆ ನಿಂತುಬಿಟ್ಟೆ. "ಮಾವ, ಈ ಸೈಟು ಅತ್ತೇದು!"

"ಅವರಪ್ಪ ಕೊಂಡ್ಕೊಟ್ಟ. ಕಂದಾಯ ಯಾರ್ ಕಟ್ತಾವ್ರೆ? ನಾನು. ಹೆಸ್ರು ಅವಳ್ದಾದ್ರೇನು, ಯಜಮಾನ ನಾನಲ್ವಾ?"

ಅಡುಗೆಮನೆ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರಿಗೆ ಅದು ಗೊತ್ತಿತ್ತೇ, ಮರೆತಿತ್ತೇ, ನನಗೆ ತಿಳಿಯಲಿಲ್ಲ. ಆದರೆ ಕುಳ್ಳಯ್ಯ ಕಾಫಿ ಲೋಟ ಠಣ್ ಅಂತ ಕೆಳಗಿಟ್ಟರು.

"ಯೋ ಜವರಯ್ಯ! ಮನೆ ಯಾರ್ದು ಅಂತ ನಾ ಕೇಳ್ನಿಲ್ವಾ? ನಿಂದು ಅಂತ ಕೈ ಚಾಚ್ದೆಯಲ್ಲಾ!"

"ಏನ್ ಮಹಾ ವ್ಯತ್ಯಾಸ ಬುಡು ಕುಳ್ಳಯ್ಯ."

"ವ್ಯತ್ಯಾಸಾನಾ? ಐವತ್ ವರ್ಸದಲ್ಲಿ ಒಂದ್ ಮನೆ ಆಯ ತಪ್ಪಿಲ್ಲ ನನ್ ಕೈಲಿ. ಒಬ್ರ ಮನೇಗೆ ಇನ್ನೊಬ್ರ ಮೊಳ ಆಕುದ್ರೆ ಆ ಮನೇಲಿ ಮಾಡಿದ್ ಅನ್ನ ಊರೋರ್ ಪಾಲಾಯ್ತದೆ." ಮೂಲೆಯಲ್ಲಿದ್ದ ಬಿದಿರು ಕೋಲನ್ನು ಎತ್ತಿ ಮಾವನ ಕೈಗೆ ಕೊಟ್ಟರು. "ಇಕಾ. ದನ ಅಟ್ಟೋಕೆ ಇಟ್ಕೊ. ನಮ್ಮವ್ವ ಬೈರಮ್ಮ ಕೈ ಚಾಚುದ್ರೆ ಬತ್ತೀನಿ. ಇಲ್ದಿದ್ರೆ ಬೇರೆ ಮೇಸ್ತ್ರಿ ನೋಡ್ಕೊ."

ಆಯ ಇಲ್ಲದ ಮನೆಗೆ ಕಾಲಿಡುವುದಿಲ್ಲ ಅಂತ ಊರಿಗೆಲ್ಲ ಸಾರಿದ್ದವರು ನಮ್ಮ ಮಾವ. ಎಂಜಿನಿಯರನ ಮಾತನ್ನು ಕಸಕ್ಕೆ ಹಾಕಿದ್ದೂ ಇದೇ ಕುಳ್ಳಯ್ಯನನ್ನು ನಂಬಿ. ಈಗ ಹಿಂದೆ ಸರಿಯುವ ಹಾಗಿಲ್ಲ, ಮುಂದೆ ಹೋಗುವ ಹಾಗಿಲ್ಲ. ಆ ರಾತ್ರಿ ಊಟದಲ್ಲಿ ಒಂದು ಮುದ್ದೆ ಕಡಿಮೆ ತಿಂದರು. ಬೆಳಿಗ್ಗೆ ಏಳುವಾಗ ಉಪಾಯ ಹೊಳೆದಿತ್ತು.

"ಲೇ ಬೈರಿ, ಆ ಸೈಟ ನಂಗೆ ದಾನಪತ್ರ ಬರ್ಕೊಟ್ಬುಡು. ಆಮೇಕೆ ಮೊಳ ನಂದೇ ಆಯ್ತದಲ್ಲ. ಹೇಮನೇ ಟೈಪ್ ಮಾಡ್ತಾಳೆ."

"ಆಯ್ತು," ಅಂದರು ಅತ್ತೆ.

ನನಗೆ ತಲೆ ಚಚ್ಚಿಕೊಳ್ಳುವಂತಾಯಿತು. ಹಿಂದೆ ಹೋಗಿ ಅಡುಗೆಮನೆಯಲ್ಲಿ ಪಿಸುಗುಟ್ಟಿದೆ. "ಅತ್ತೆ, ನಿಮಗೇನಾದ್ರೂ ಬುದ್ಧಿ ಇದ್ಯಾ? ಕೊಟ್ರೆ ನಿಮ್ಮ ಬಾತ್‌ರೂಮು ರಸ್ತೆ ಆಚೇನೇ!"

"ಕಟ್ಕೊಂಡ್ ಗಂಡ ಬಾಯ್ಬುಟ್ಟು ಕೇಳ್ತಾವ್ನಲ್ಲವ್ವ. ಇಲ್ಲ ಅನ್ನೋದೆಂಗೆ?"

ನನಗೆ ಸಿಟ್ಟು ಬಂತು, ಅಷ್ಟೇ. ಮಾರನೆಯ ದಿನ ಅಂಗಡಿಯಲ್ಲಿ ಆ ದಾನಪತ್ರ ಟೈಪು ಮಾಡುವಾಗ ಕೀಬೋರ್ಡಿನ ಮೇಲೆ ಆ ಸಿಟ್ಟನ್ನೆಲ್ಲ ಕುಟ್ಟಿದೆ. ಶ್ರೀನಿವಾಸಮೂರ್ತಿಗಳು ಕನ್ನಡಕದ ಮೇಲಿಂದ ನೋಡಿ, "ನಿಧಾನ ಕಣಮ್ಮ, ಕೀಬೋರ್ಡು ಹೊಸದು," ಅಂದರು.

ಹನ್ನೊಂದು ಗಂಟೆಯ ಬಸ್ಸಿಗೆ ಮಾವ, ಅತ್ತೆ ಬಂದರು. ಅತ್ತೆ ಮದುವೆಗೆ ಹೋಗುವ ಸೀರೆ ಉಟ್ಟಿದ್ದರು. ನಾಲ್ಕನೇ ಕ್ಲಾಸು ಓದಿದ್ದಾರೆ, ರುಜು ಹಾಕಲು ಬರುತ್ತದೆ. ಮಾವ ಪೆನ್ನು ತೆಗೆದು ಮುಚ್ಚಳ ಬಿಚ್ಚಿ ಕೊಟ್ಟರು.

"ತಡೀರಿ," ಅಂದರು ಶ್ರೀನಿವಾಸಮೂರ್ತಿಗಳು. ಓದಿ ಹೇಳದೆ ಯಾರ ಹತ್ತಿರವೂ ರುಜು ಹಾಕಿಸಬಾರದು ಅನ್ನುವುದು ಅವರ ತಂದೆಯ ಕಾಲದಿಂದ ಬಂದ ನೇಮ. ದೇವಸ್ಥಾನದಲ್ಲಿ ಸಂಕಲ್ಪ ಹೇಳುವ ರಾಗದಲ್ಲೇ ಪತ್ರ ಓದಿದರು. ಚಕ್ಕುಬಂದಿ ಬಂತು, ಪೂರ್ವಕ್ಕೆ ರಸ್ತೆ ಬಂತು, ಕೊನೆಗೆ ನಾನು ಸಾವಿರ ಸಲ ಕುಟ್ಟಿರುವ ಸಾಲು ಬಂತು. "ಈ ದಾನಪತ್ರವನ್ನು ನಾನು ಯಾರ ಬಲವಂತಕ್ಕೂ ಒತ್ತಾಯಕ್ಕೂ ಒಳಗಾಗದೆ, ಸ್ವಸ್ಥ ಚಿತ್ತದಿಂದ, ಪ್ರೀತಿ ವಿಶ್ವಾಸದಿಂದ, ನನ್ನ ಸ್ವಂತ ಇಚ್ಛೆಯಿಂದ ಬರೆದುಕೊಟ್ಟಿರುತ್ತೇನೆ."

"ಸ್ವಾಮಿ, ಅದ ಇನ್ನೊಂದ್ಸಲ ಓದಿ," ಅಂದರು ಅತ್ತೆ.

ಓದಿದರು. ಅತ್ತೆ ಪೆನ್ನು ಮೇಜಿನ ಮೇಲಿಟ್ಟರು. "ಅದು ದಿಟ ಅಲ್ವಲ್ಲ ಸ್ವಾಮಿ."

"ಎಲ್ರೂ ಅಂಗೇ ಬರ್ಸದು ಕಣಮ್ಮಿ," ಅಂದರು ಮಾವ. "ರೂಢಿ ಇದು. ನೀ ಆಕು."

"ಎಲ್ರೂ ಬರೀಲಿ. ದೇವ್ರ ಫೋಟೋ ಕೆಳಗ್ ಕೂತ್ಕೊಂಡು ನಾ ಸುಳ್ ಆಕಾಕಿಲ್ಲ." ಶ್ರೀನಿವಾಸಮೂರ್ತಿಗಳ ತಲೆಯ ಮೇಲೆ ರಂಗನಾಥಸ್ವಾಮಿಯ ಪಟ ಇತ್ತು. "ಪ್ರೀತಿ ವಿಶ್ವಾಸ ಇರ್ಲಿ, ಅದು ದಿಟ. ಮೂವತ್ತೆಂಟು ವರ್ಸ ಇಟ್ಟು ಬೇಸಾಕಿವ್ನಿ. ಸ್ವಂತ ಇಚ್ಛೆ ಅಂತದಲ್ಲ, ಅದ ಒಡ್ದಾಕಿ. 'ಗಂಡ ಕೇಳ್ದ, ಅವ್ನ್ ಕಂಬಕ್ಕೆ ಜಾಗ ಸಾಲ್ದು ಅಂತ ಬರ್ಕೊಟ್ಟೆ, ನನ್ ಇಚ್ಛೆ ಒಂದ್ ಬಾತ್‌ರೂಮು, ಅದು ರಸ್ತೆ ಆಚೆ' ಅಂತ ಬರೀರಿ. ಈಗ್ಲೇ ರುಜು ಆಕ್ತೀನಿ."

ಶ್ರೀನಿವಾಸಮೂರ್ತಿಗಳು ಕನ್ನಡಕ ತೆಗೆದು ಒರೆಸಿದರು. "ಹಾಗೆ ಬರೆದರೆ ರಿಜಿಸ್ಟ್ರಾರ್ ಒಪ್ಪೋದಿಲ್ಲ ತಾಯಿ."

"ಅಂಗಾರೆ ನಾನೂ ಒಪ್ಪಕಿಲ್ಲ."

ನಾನು ಕಂಪ್ಯೂಟರಿನ ಹಿಂದೆ ಮುಖ ಮರೆಸಿಕೊಂಡೆ. ನಗುವೋ ಅಳುವೋ ನನಗೇ ಗೊತ್ತಾಗಲಿಲ್ಲ. ಸಾವಿರ ಸಲ ಕುಟ್ಟಿದ್ದೆನಲ್ಲ ಆ ಸಾಲನ್ನು, ಅದು ದಿಟವೋ ಸುಳ್ಳೋ ಅಂತ ಒಂದು ದಿನ ಯೋಚಿಸಿರಲಿಲ್ಲ. ನಾಲ್ಕನೇ ಕ್ಲಾಸಿನ ನಮ್ಮತ್ತೆ ಒಂದೇ ಸಲಕ್ಕೆ ಹಿಡಿದುಬಿಟ್ಟರು.

ಬಸ್‌ಸ್ಟ್ಯಾಂಡಿನಲ್ಲಿ ಮಾವ ಒಂದು ಡಜನ್ ಬಾಳೆಹಣ್ಣು ಕೊಂಡು, ಅತ್ತೆಯ ಕೈಗೆ ಕೊಟ್ಟರಂತೆ. ಅತ್ತೆ ಆಮೇಲೆ ನನಗೆ ಹೇಳಿದ್ದು.

ಶ್ರಾವಣದ ಎರಡನೇ ಶುಕ್ರವಾರ ಕುಳ್ಳಯ್ಯ ಹೊಸ ಬಿದಿರು ಕೋಲು ಹಿಡಿದು ಬಂದರು. ಸೈಟಿನಲ್ಲಿ ಮನೆಯವರೆಲ್ಲ ಸೇರಿದ್ದೆವು, ಶಿವಣ್ಣನವರು ತಮ್ಮ ಕಂಬಕ್ಕೊರಗಿ ನೋಡುತ್ತಿದ್ದರು. ಅತ್ತೆ ಸೆರಗು ಸರಿಮಾಡಿಕೊಂಡು, ಬಳೆ ಹಿಂದಕ್ಕೆ ಸರಿಸಿ, ಕೈ ಚಾಚಿದರು. ಇಷ್ಟು ವರ್ಷ ಎಲ್ಲರೂ ಆ ಕೈಯನ್ನು ನೋಡಿದ್ದು ಅದು ಏನು ಕೊಡುತ್ತದೆ ಅಂತ ಮಾತ್ರ.

ಕೋಲು ಕತ್ತರಿಸಿ ಹದಿನೇಳು, ಇಪ್ಪತ್ತೊಂದು ಅಂತ ಕುಳ್ಳಯ್ಯ ಅಳೆದರು. ಸಿದ್ದಾರ್ಥ ಹಿಂದೆಯೇ ಟೇಪು ಹಿಡಿದು ಹೋದ. ಮೊಳಕ್ಕೆ ಹದಿನೇಳು ಇಂಚು. ಅಗಲ ಇಪ್ಪತ್ನಾಲ್ಕಡಿ ಒಂದಿಂಚು, ಉದ್ದ ಇಪ್ಪತ್ತೊಂಬತ್ತಡಿ ಒಂಬತ್ತಿಂಚು. ಅವನ ಬಾಯಿ ತೆರೆದೇ ಉಳಿಯಿತು. "ಮೇಡಂ, ಇದು ನನ್ನ ಮೊದಲ್ನೇ ಪ್ಲಾನೇ! ಸೆಟ್‌ಬ್ಯಾಕ್ ಕರೆಕ್ಟಾಗಿ ಕೂರುತ್ತೆ. ಅಗಲದಲ್ಲಿ ಒಂದೇ ಒಂದು ಇಂಚು ಜಾಸ್ತಿ."

"ಒಂದಿಂಚಿಗೆ ಏನ್ ಮಾಡಾಣ?" ಅಂದ ರವೀಂದ್ರ.

"ಮೊಳ ಕಡೀಬಾರ್ದು," ಅಂದರು ಕುಳ್ಳಯ್ಯ ಖಡಾಖಂಡಿತವಾಗಿ.

ಅತ್ತೆ ತಮ್ಮ ಕೈ ನೋಡಿಕೊಂಡರು. ಬಿದ್ದ ಮೇಲೆ ಹಾಸಿಗೆ ಹಿಡಿದಿದ್ದವರು ಉಗುರು ತೆಗೆದಿರಲಿಲ್ಲ. ನಡುಬೆರಳನ್ನು ಬಾಯಿಗಿಟ್ಟು, ಉಗುರು ಕಚ್ಚಿ, ಪಕ್ಕಕ್ಕೆ ಉಗಿದು, ಮತ್ತೆ ಕೈ ಚಾಚಿದರು. "ಈಗ ಅಳಿ."

ಕೋಲು ಮೊದಲಿಗಿಂತ ಒಂದು ಉಗುರಿನಷ್ಟು ಗಿಡ್ಡವಾಯಿತು. ಹದಿನೇಳು ಸಲ ಅಳೆಯುವಷ್ಟರಲ್ಲಿ ಆ ಒಂದಿಂಚು ಕರಗಿ, ಇಪ್ಪತ್ನಾಲ್ಕಡಿಗೆ ಸರಿಯಾಗಿ ಬಂದು ನಿಂತಿತು. ಸಿದ್ದಾರ್ಥ ಕುಳ್ಳಯ್ಯನವರಿಗೆ ಕೈಮುಗಿದ. ಕುಳ್ಳಯ್ಯ ಅತ್ತೆಗೆ ಕೈಮುಗಿದರು.

"ನನ್ ಕಂಬ?" ಅಂದರು ಮಾವ, ಸಣ್ಣ ದನಿಯಲ್ಲಿ.

"ಮುಂದೆ ಸಣ್ಣ ಸಜ್ಜ ಎಳೆದು ಎರಡು ಕೊಡಬಹುದು ಸಾರ್. ಮೆಟ್ಟಿಲು ಹೊರಗಡೆಯಿಂದ. ಪ್ಲಿಂತ್ ಎರಡೇ ಅಡಿ."

"ಶಿವಣ್ಣಂಗೆ ನಾಕವೆ!"

"ಶಿವಣ್ಣನ ಹೆಂಡ್ತಿ ಕೈಲಿ ಅಳ್ಸಿದ್ರೆ ಅವ್ರ್ಗೂ ಎರಡೇ ಇರ್ತಿದ್ದೊ," ಅಂದರು ಅತ್ತೆ. ಶಿವಣ್ಣನವರ ಕಿಟಕಿಯಿಂದ ಯಾರೋ ಹೆಂಗಸು ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ಶಿವಣ್ಣನವರು ಒಳಗೆ ಹೋದರು.

"ಮೊದ್ಲು ಎಲ್ಲಿ ಗೆರೆ ಎಳೀಲವ್ವ?" ಕುಳ್ಳಯ್ಯ ಸುಣ್ಣದ ಪುಡಿಯ ಬಟ್ಟಲು ಹಿಡಿದು ಕೇಳಿದರು. ಕೇಳಿದ್ದು ಅತ್ತೆಯನ್ನು.

ಅತ್ತೆ ಕುಂಟುತ್ತಾ ಹೋಗಿ ಮೂಲೆ ತೋರಿಸಿದರು. ನಾಲ್ಕಡಿ ಏಳಡಿಯ ಬಿಳಿ ಚೌಕ ಬಿತ್ತು, ಅತ್ತೆಯ ಕೋಣೆಯ ಕಡೆಗೆ ಬಾಗಿಲಿಗೆ ಎರಡೂವರೆ ಅಡಿ ಬಿಟ್ಟು. ಅತ್ತೆ ಆ ಸಂದಿನಿಂದಲೇ ಒಳಗೆ ಹೋದರು. ಕಮೋಡು ಬರುವ ಜಾಗದಲ್ಲಿ ನಾನೊಂದು ಪ್ಲಾಸ್ಟಿಕ್ ಕುರ್ಚಿ ಹಾಕಿದೆ. ಅತ್ತೆ ಕೂತು, ಊತ ಇಳಿದ ಮಂಡಿ ಮುಂದಕ್ಕೆ ಚಾಚಿ, "ಉಸ್ಸಪ್ಪಾ" ಅಂದರು. ಗೋಡೆ ಇಲ್ಲ, ಸೂರಿಲ್ಲ, ತಲೆಯ ಮೇಲೆ ಶ್ರಾವಣದ ಮೋಡ. ಆದರೂ ಆ ಮುಖದಲ್ಲಿ ಮನೆ ಕಟ್ಟಿ ಮುಗಿದಿತ್ತು.

ಮಾವನಿಗೆ ತಡೆಯಲಾಗಲಿಲ್ಲ. "ಲೇ ಬೈರಿ, ಮೂರ್ ಕಂಬನಾದ್ರೂ..." ಅನ್ನುತ್ತಾ ಸುಣ್ಣದ ಗೆರೆ ತುಳಿಯಲು ಕಾಲೆತ್ತಿದರು.

"ಅಲ್ಲಿ ಗ್ವಾಡೆ ಅದೆ," ಅಂದರು ಅತ್ತೆ.

ಮಾವನ ಕಾಲು ಮೇಲೇ ನಿಂತಿತು. ಗೆರೆ ನೋಡಿದರು, ನಮ್ಮನ್ನು ನೋಡಿದರು. ಯಾರೂ ನಗಲಿಲ್ಲ, ಕುಮಾರ್ ಕೂಡ. ಕಾಲು ಕೆಳಗಿಳಿಸಿ, ಉದ್ದಕ್ಕೆ ಗೆರೆಯ ಪಕ್ಕದಲ್ಲೇ ನಡೆದು, ಕೋಣೆ ಸುತ್ತಿ, ಬಾಗಿಲಿನ ಸಂದಿಯ ಎದುರಿಗೆ ಬಂದು ನಿಂತರು. ಕೈಯಲ್ಲಿ ಅವರ ಹಳೇ ಮೊಳದ ಕೋಲಿತ್ತು. ಅದರ ತುದಿಯಿಂದ ಬಾಗಿಲು ಬರುವ ಜಾಗದಲ್ಲಿ ಬಿದ್ದಿದ್ದ ಇಟ್ಟಿಗೆಯ ಮೇಲೆ ಎರಡು ಸಲ ತಟ್ಟಿದರು.

"ಯಾರು?"

"ನಾನು ಕಣಮ್ಮಿ. ಜವರಯ್ಯ."

"ವಸಿ ತಡೀರಿ," ಅಂದರು ಅತ್ತೆ. "ಒಳಗೆ ಜನ ಅವ್ರೆ."

ಮಾವ ತಡೆದರು.